ಮುರಕಲ್ಲೋ ಪಿಲ್ಲರೋ, ಹಂಚೋ ಟೆರೇಸೋ: ಕಾಸರಗೋಡಿನಲ್ಲಿ ಮನೆ ಕಟ್ಟುವ ಮುಂಚೆ

ಮನೆ ಕಟ್ಟಲು ಹೊರಟವರ ಕೈಯಲ್ಲಿ ಮೊದಲು ಇರುವುದು ಒಂದು ಚಿತ್ರ. ಎದುರಿನಿಂದ ಮನೆ ಹೇಗೆ ಕಾಣಬೇಕು ಅನ್ನುವ ಚಿತ್ರ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆ ಎಷ್ಟೋ ಮನೆಗಳ ಯಜಮಾನರು ಗಲ್ಫಿನಲ್ಲಿದ್ದಾರೆ. ಚಿತ್ರ ಅಲ್ಲಿಂದ ವಾಟ್ಸಾಪಿನಲ್ಲಿ ಬರುತ್ತದೆ, ಇಲ್ಲಿ ಅಣ್ಣನೋ ಮಾವನೋ ಮೇಸ್ತ್ರಿಗೆ ತೋರಿಸುತ್ತಾರೆ, ಕೆಲಸ ಶುರುವಾಗುತ್ತದೆ. ಚಿತ್ರ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಬಣ್ಣ, ಟೈಲ್ಸ್, ಗೇಟು ಇವನ್ನೆಲ್ಲ ಹತ್ತು ವರ್ಷ ಬಿಟ್ಟೂ ಬದಲಿಸಬಹುದು. ಪಂಚಾಂಗ (ಅಡಿಪಾಯ), ಕಾಂಕ್ರೀಟಿನೊಳಗಿನ ಕಬ್ಬಿಣ, ಗೋಡೆಯೊಳಗಿನ ವಯರು, ನೆಲದಡಿಯ ಅರ್ತಿಂಗ್ ಹಾಗಲ್ಲ. ಅವನ್ನು ಮತ್ತೆ ಮುಟ್ಟಬೇಕಾದರೆ ಮನೆ ಒಡೆಯಬೇಕು. ಹಾಗಾಗಿ ದುಡ್ಡು ಮೊದಲು ಅಲ್ಲಿಗೆ ಹೋಗಲಿ, ಉಳಿದದ್ದು ಚಿತ್ರಕ್ಕೆ ಹೋಗಲಿ.

ನಮ್ಮ ಜಿಲ್ಲೆಯ ಮನೆ ಏನೇನನ್ನು ತಡೆದುಕೊಳ್ಳಬೇಕು ಅಂತ ಒಮ್ಮೆ ನೋಡೋಣ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಡಲ ಬದಿಯಲ್ಲಿ ಉಪ್ಪುಗಾಳಿ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಸಂಜೆಗಳಲ್ಲಿ ಸಿಡಿಲು. ಭೂಕಂಪದ ಐಎಸ್ (ಭಾರತೀಯ ಮಾನಕ) 1893 ಸಂಹಿತೆಯ 2016ರ ನಕ್ಷೆಯಲ್ಲಿ ಇಡೀ ಕೇರಳ ಮೂರನೇ ವಲಯದಲ್ಲಿದೆ, ಅಂದರೆ ಮಧ್ಯಮ ಅಪಾಯ. ಗಾಳಿಯ ಲೆಕ್ಕಕ್ಕೆ ಮಂಗಳೂರು, ಕೋಯಿಕ್ಕೋಡು ಎರಡಕ್ಕೂ ಗಾಳಿಯ ಸಂಹಿತೆ ಕೊಟ್ಟಿರುವ ಮೂಲ ವೇಗ ಸೆಕೆಂಡಿಗೆ 39 ಮೀಟರ್. ಗಂಟೆಗೆ 140 ಕಿ.ಮೀ. ಆಯಿತು. ನಾವು ಅವೆರಡರ ನಡುವೆ ಇದ್ದೇವೆ.

ಮೊದಲು ಜಾಗ

ಮುರದ ಗುಡ್ಡೆ ಕಡಿದು ಮಾಡಿದ ಜಾಗವೋ, ಗದ್ದೆ ತುಂಬಿಸಿದ ಜಾಗವೋ? ನನ್ನ ಮತ ಯಾವಾಗಲೂ ಗುಡ್ಡೆಯ ಕಡೆಗೆ, ಆದರೆ ಕಣ್ಣುಮುಚ್ಚಿ ಅಲ್ಲ. ನಮ್ಮಲ್ಲಿ ಮೇಲ್ಗಡೆ ಗಟ್ಟಿ ಮುರ ಇರುತ್ತದೆ, ಅದರ ಕೆಳಗೆ ಮೆತ್ತಗಿನ ಜೇಡಿಮಣ್ಣು. ಜೆಸಿಬಿ ತಂದು ಬರೆಯನ್ನು, ಅಂದರೆ ಗುಡ್ಡೆಯ ಬದಿಯನ್ನು, ನೆಟ್ಟಗೆ ಕಡಿದರೆ ಈ ಜೇಡಿ ಹೊರಬರುತ್ತದೆ. ಆಟಿಯ ಮಳೆಯಲ್ಲಿ ಅದು ನೀರು ಕುಡಿದು ಮೆತ್ತಗಾಗುತ್ತದೆ, ಮೇಲಿನ ಮುರ ಹಾಗೇ ಜರಿಯುತ್ತದೆ. ಬರೆ ಕಡಿಯುವುದಾದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ. ಮೇಲೆ ಒಂದು ಕಣಿ ಮಾಡಿ ಮಳೆನೀರನ್ನು ಬದಿಗೆ ತಿರುಗಿಸಿ. ತಡೆಗೋಡೆಯಲ್ಲಿ ನೀರು ಹೊರಬರಲು ತೂತು ಬಿಡಿ. ತೂತಿಲ್ಲದ ತಡೆಗೋಡೆ ಮಣ್ಣಿನ ಭಾರದ ಜೊತೆಗೆ ನೀರಿನ ಭಾರವನ್ನೂ ಹೊರಬೇಕಾಗುತ್ತದೆ.

ಬಾಯಾರು, ಪೆರ್ಲ, ಪಡ್ರೆ ಕಡೆಯವರಿಗೆ ಇನ್ನೊಂದು ಮಾತು. ಜಾಗದಲ್ಲಿ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಹಳೇ ಸುರಂಗ ಇದೆಯಾ ಅಂತ ಹಿರಿಯರನ್ನು ಕೇಳಿಯೇ ಪಂಚಾಂಗ ಗುರುತು ಹಾಕಿ. ಬತ್ತಿಹೋದ ಸುರಂಗದ ಬಾಯಿ ಪೊದೆಯಲ್ಲಿ ಮುಚ್ಚಿಹೋಗಿರುತ್ತದೆ, ಒಳಗಿನ ಟೊಳ್ಳು ಹಾಗೇ ಇರುತ್ತದೆ.

ಗದ್ದೆಯ ವಿಷಯದಲ್ಲಿ ಕಾನೂನೇ ಅಡ್ಡ ಬರುತ್ತದೆ. ಕೇರಳದಲ್ಲಿ ಗದ್ದೆ ಮತ್ತು ಜೌಗು ಜಾಗ ಉಳಿಸಲು 2008ರ ಕಾಯ್ದೆ ಇದೆ. ಅನುಮತಿ ಇದ್ದರೂ ತುಂಬಿಸಿದ ಮಣ್ಣಿನ ಮೇಲೆ ಕಲ್ಲಿನ ಪಂಚಾಂಗ ಬೇಡ. ಹಳೇ ಗಟ್ಟಿ ನೆಲದ ತನಕ ಇಳಿಯಲೇಬೇಕು. ಆ ಖರ್ಚು ಸೇರಿಸಿ ನೋಡಿದರೆ ಅಗ್ಗದ ಜಾಗ ಅಗ್ಗವಾಗಿ ಉಳಿಯುವುದಿಲ್ಲ.

ಮುರಕಲ್ಲಿನ ಗೋಡೆಯೋ, ಪಿಲ್ಲರ್-ಬೀಮೋ

ಎಲ್ಲರೂ ಕೇಳುವ ಪ್ರಶ್ನೆ ಇದು. ಈಗ ಪಿಲ್ಲರ್ ಇದ್ದರೇ ಮನೆ ಭದ್ರ ಅನ್ನುವ ನಂಬಿಕೆ ಬಂದುಬಿಟ್ಟಿದೆ. ಅದು ಪೂರ್ತಿ ಸರಿಯಲ್ಲ.

ಒಂದು ಅಂತಸ್ತಿನ ಮನೆ, ಕೋಣೆಗಳು ಸಾಧಾರಣ ಅಳತೆ, ಜಾಗ ಗಟ್ಟಿ ಮುರ. ಇಷ್ಟಿದ್ದರೆ ಮುರಕಲ್ಲಿನ ಗೋಡೆಯೇ ಭಾರ ಹೊರಲಿ. ನಾನು ಧೈರ್ಯವಾಗಿ ಹೇಳುತ್ತೇನೆ. ಎರಡು ಅಂತಸ್ತಿಗೂ ಸಾಕು, ಆದರೆ ಮೇಲಿನ ಗೋಡೆ ಕೆಳಗಿನ ಗೋಡೆಯ ಮೇಲೇ ಬರಬೇಕು. ಕೆಳಗೆ ದೊಡ್ಡ ಹಾಲ್ ಬೇಕು, ಮೇಲೆ ಅದರ ನಡುವೆ ಬೆಡ್‌ರೂಮಿನ ಗೋಡೆ ಬರಬೇಕು ಅಂತಾದರೆ ಅಲ್ಲಿಗೆ ಪಿಲ್ಲರ್-ಬೀಮ್ ಲೆಕ್ಕ ಬಂತು. ಮೂರು ಅಂತಸ್ತು, ಕೆಳಗೆ ಅಂಗಡಿ, ತುಂಬಿಸಿದ ಜಾಗ, ಇಲ್ಲೆಲ್ಲ ಎರಡನೇ ಮಾತಿಲ್ಲದೆ ಪಿಲ್ಲರ್.

ಮುರಕಲ್ಲಿಗೂ ಸಂಹಿತೆ ಇದೆ, ಐಎಸ್ 3620. ಕಲ್ಲಿನ ತಾಳಿಕೆ ಚದರ ಮಿ.ಮೀ.ಗೆ ಕನಿಷ್ಠ 3.5 ನ್ಯೂಟನ್ ಇರಬೇಕು, ಕಲ್ಲು ಹೀರುವ ನೀರು ಅದರ ತೂಕದ ನೂರಕ್ಕೆ 12ನ್ನು ಮೀರಬಾರದು ಅನ್ನುತ್ತದೆ ಅದು. ಲ್ಯಾಬಿಗೆ ಕಳಿಸುವವರು ಕಮ್ಮಿ. ಅಂಗಳದಲ್ಲೇ ನೋಡಬಹುದು. ಲೋಡು ಬಂದ ದಿನ ಬೇರೆ ಬೇರೆ ಕಡೆಯಿಂದ ಒಂದೈದು ಕಲ್ಲು ಎತ್ತಿ. ಒಂದಕ್ಕೊಂದು ಬಡಿದರೆ ಗಟ್ಟಿ ಸದ್ದು ಬರಬೇಕು. ಮುರಿದ ಮೈಯಲ್ಲಿ ಬಿಳಿ ಅಥವಾ ಹಳದಿ ಜೇಡಿಯ ಮುದ್ದೆ ಇದೆಯಾ ನೋಡಿ, ಬೆರಳಿನ ಉಗುರಿಗೆ ಅದು ಕಿತ್ತು ಬಂದರೆ ಆ ಕಲ್ಲು ಬೇಡ. ಒಂದನ್ನು ಒಣಗಿದಾಗ ತೂಗಿ, ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿ ಬೆಳಿಗ್ಗೆ ಮತ್ತೆ ತೂಗಿ. 25 ಕೆ.ಜಿ.ಯ ಕಲ್ಲು 28 ದಾಟಿದರೆ ಅದು 12ರ ಗೆರೆ ಮೀರಿತು ಅಂತ ಅರ್ಥ. ಬಕೆಟಿನ ನೀರು ಕೆಂಪಗೆ ಕದಡಿ ಅಡಿಯಲ್ಲಿ ಕೆಸರು ನಿಂತರೂ ಆ ಕಲ್ಲು ಬೇಡ. ಇನ್ನೊಂದು, ಕೋರೆಯಿಂದ ಬಂದ ಹಸಿ ಕಲ್ಲನ್ನು ಮರುದಿನವೇ ಕಟ್ಟಬೇಡಿ. ಗಾಳಿಗೆ ಬಿಟ್ಟಷ್ಟೂ ಮುರ ಗಟ್ಟಿಯಾಗುತ್ತದೆ. ಎರಡು ಮೂರು ತಿಂಗಳು ಕಾಯಲು ಆಗುವವರು ಕಾಯಿರಿ.

17ನೇ ಶತಮಾನದ ಬೇಕಲ ಕೋಟೆ ಮುರಕಲ್ಲಿನದ್ದೇ ಅಲ್ವಾ, ಇನ್ನೇನು ಭಯ ಅಂತ ಕೆಲವರು ಕೇಳುತ್ತಾರೆ. ಕಲ್ಲು ಎಷ್ಟು ಕಾಲ ಬಾಳುತ್ತದೆ ಅನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ. ಆದರೆ ಕೋಟೆಯ ಗೋಡೆಯ ದಪ್ಪವೇ ಬೇರೆ, ನಮ್ಮ ಎಂಟು ಇಂಚಿನ ಗೋಡೆಯೇ ಬೇರೆ. ನೆಲ ಅಲುಗಿದರೆ ತೆಳು ಗೋಡೆಗಳು ಮೂಲೆಯಲ್ಲಿ ಒಂದನ್ನೊಂದು ಬಿಟ್ಟು ಹೊರಗೆ ವಾಲುತ್ತವೆ. ಅದನ್ನು ತಡೆಯುವುದು ಬೆಲ್ಟ್. ಸೌದೆ ಹೊರೆಗೆ ಹಗ್ಗ ಸುತ್ತಿದ ಹಾಗೆ ಮನೆಯ ಸುತ್ತ ಎಲ್ಲೂ ಕಡಿಯದೆ ಓಡುವ ಕಾಂಕ್ರೀಟಿನ ಪಟ್ಟಿ. ಪಂಚಾಂಗದ ಮೇಲೆ ಒಂದು, ಲಿಂಟಲ್ ಮಟ್ಟದಲ್ಲಿ ಒಂದು, ಹಂಚಿನ ಮಾಡಾದರೆ ಗೋಡೆಯ ತಲೆಯ ಮೇಲೆ ಇನ್ನೊಂದು. ದಪ್ಪ ಕನಿಷ್ಠ 75 ಮಿ.ಮೀ. ಕಿಟಕಿಯ ಮೇಲೆ ಮಾತ್ರ ತುಂಡು ತುಂಡು ಲಿಂಟಲ್ ಹಾಕಿ ನಡುವೆ ಬಿಟ್ಟರೆ ಬೆಲ್ಟ್ ಆಗುವುದಿಲ್ಲ. ಉಳಿತಾಯ ತೀರಾ ಚಿಕ್ಕದು, ನಷ್ಟ ದೊಡ್ಡದು. ಕಿಟಕಿ, ಬಾಗಿಲು ಮೂಲೆಗೆ ತಾಗಿಕೊಂಡು ಬೇಡ, ಒಂದು ಗೋಡೆಯಲ್ಲಿ ಅವುಗಳ ಅಗಲ ಸೇರಿ ಗೋಡೆಯ ಅರ್ಧಕ್ಕಿಂತ ಜಾಸ್ತಿಯೂ ಬೇಡ.

ಪಿಲ್ಲರ್ ಮನೆಗೆ ಹೋಗುವವರು ರಿಂಗು ನೋಡಲೇಬೇಕು. ಪಿಲ್ಲರಿನ ಉದ್ದ ಸರಳುಗಳ ಸುತ್ತ ಚೌಕಾಕಾರದಲ್ಲಿ ಬರುತ್ತದಲ್ಲ, ಅದೇ. ಅದರ ಎರಡು ತುದಿಗಳನ್ನು ಒಳಕ್ಕೆ, ಪಿಲ್ಲರಿನ ಹೊಟ್ಟೆಯ ಕಡೆಗೆ 135 ಡಿಗ್ರಿ ಬಗ್ಗಿಸಬೇಕು. ಕೆಲಸದವರು ಬೇಗ ಆಗಲಿ ಅಂತ 90 ಡಿಗ್ರಿಗೆ ನಿಲ್ಲಿಸುತ್ತಾರೆ. ಕಟ್ಟಡ ಅಲುಗಿ ಹೊರಗಿನ ಕಾಂಕ್ರೀಟು ಉದುರಿದರೆ 90ರ ಕೊಕ್ಕೆ ಬಿಚ್ಚಿಕೊಳ್ಳುತ್ತದೆ, 135ರದ್ದು ಒಳಗಿನ ಕಾಂಕ್ರೀಟನ್ನು ಹಿಡಿದು ನಿಲ್ಲುತ್ತದೆ. ಒಂದು ಪೈಸೆಯ ಕಬ್ಬಿಣ ಜಾಸ್ತಿ ಬೇಡ ಅಂತಲೇ ಹೇಳಬಹುದು, ಬರೀ ಕೈಕೆಲಸ. ಗಲ್ಫಿನಲ್ಲಿ ಕೂತವರು ವಿಡಿಯೋ ಕಾಲ್ ಮಾಡಿದಾಗ ಟೈಲ್ಸ್ ತೋರಿಸಿ ಅನ್ನುವ ಮುಂಚೆ ರಿಂಗಿನ ತುದಿ ತೋರಿಸಿ ಅನ್ನಿ.

ಪೇಟೆಯಲ್ಲಿ ಕೆಳಗೆ ಕಾರು ನಿಲ್ಲಿಸಲು ಬರೀ ಪಿಲ್ಲರ್, ಮೇಲೆ ಗೋಡೆ ತುಂಬಿದ ಅಂತಸ್ತುಗಳು, ಹೀಗೆ ಕಟ್ಟುವುದು ಜಾಸ್ತಿಯಾಗಿದೆ. 2001ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ ಇನ್ನೂರು ಕಿ.ಮೀ.ಗಿಂತ ದೂರದ ಅಹಮದಾಬಾದಿನಲ್ಲಿ ಕುಸಿದ ಫ್ಲ್ಯಾಟುಗಳಲ್ಲಿ ಈ ಬಗೆಯವು ತುಂಬ ಇದ್ದವು. ಇಂಥ ವಿನ್ಯಾಸಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಇಲ್ಲದೆ ಕೈ ಹಾಕಬೇಡಿ. ಪ್ಲಾನ್ ಬರೆದು ಪಂಚಾಯತಿಯಿಂದ ಪರ್ಮಿಟ್ ತಂದುಕೊಡುವವರು ಬೇರೆ, ಕಬ್ಬಿಣದ ಲೆಕ್ಕ ಹಾಕುವವರು ಬೇರೆ.

ಪಿಲ್ಲರುಗಳ ನಡುವೆ ಏನು ತುಂಬಿಸಬೇಕು? ಬಿಸಿಲಿಗೂ ಮಳೆಗೂ ಎದುರಾಗುವ ಹೊರಗೋಡೆಗೆ ಮುರಕಲ್ಲು ಚೆನ್ನ. ಮೇಲಂತಸ್ತಿನ ಒಳಗೋಡೆಗೆ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟಿನ ಇಟ್ಟಿಗೆ) ಆಗಬಹುದು. ಘನ ಮೀಟರಿಗೆ 600 ಕೆ.ಜಿ. ಆಸುಪಾಸು ಇರುವುದರಿಂದ ಬೀಮಿನ ಭಾರ ತುಂಬ ಇಳಿಯುತ್ತದೆ. ಆದರೆ ಅದು ನೀರು ಕುಡಿಯುತ್ತದೆ. ಬಚ್ಚಲಿನ ಗೋಡೆಗೆ ನಾನು ಅದನ್ನು ಹೇಳುವುದಿಲ್ಲ.

ಕಡಲ ಬದಿಯ ಕಾಂಕ್ರೀಟು

ಉಪ್ಪಳ, ಕುಂಬಳೆ, ಮೊಗ್ರಾಲ್ ಕಡಲ ತೀರದಲ್ಲಿ ಇಪ್ಪತ್ತು ವರ್ಷವೂ ಆಗದ ಮನೆಯ ಸನ್‌ಶೇಡ್ ಅಡಿಯಿಂದ ಕಾಂಕ್ರೀಟು ಚಕ್ಕೆ ಬಿದ್ದು ತುಕ್ಕು ಹಿಡಿದ ಸರಳು ಕಾಣುವುದು ಹೊಸತಲ್ಲ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇಲ್ಲಿ ಹೋಲಿಸಬೇಕಾದದ್ದು ಸರಳಿನ ಕಂಪನಿಯನ್ನಲ್ಲ. ಐಎಸ್ 456 ಸಂಹಿತೆ ಕಡಲ ತೀರದ ವಾತಾವರಣವನ್ನು ತೀವ್ರ ಅನ್ನುತ್ತದೆ. ಅಲ್ಲಿ ಎಂ30 ದರ್ಜೆಯ ಕಾಂಕ್ರೀಟು, ಸರಳಿನ ಹೊರಗೆ 45 ಮಿ.ಮೀ. ಕಾಂಕ್ರೀಟಿನ ಕವರ್, ನೀರು ಸಿಮೆಂಟಿನ ತೂಕದ 0.45ಕ್ಕಿಂತ ಜಾಸ್ತಿ ಇಲ್ಲ. ಬದಿಯಡ್ಕ, ಮುಳ್ಳೇರಿಯ ಥರ ಒಳನಾಡಿನಲ್ಲಿ ನೆರಳಿನ ಭಾಗಗಳಿಗೆ ಎಂ25, 30 ಮಿ.ಮೀ. ಕವರ್ ಇಟ್ಟುಕೊಳ್ಳಬಹುದು. 50 ಕೆ.ಜಿ.ಯ ಒಂದು ಚೀಲಕ್ಕೆ 0.45 ಅಂದರೆ 22.5 ಲೀಟರ್ ನೀರು, ಮರಳಿನಲ್ಲಿರುವ ತೇವವೂ ಅದರಲ್ಲೇ ಸೇರಬೇಕು. ಮಿಕ್ಸರಿಗೆ ಪೈಪ್ ಬಿಟ್ಟು ಕಣ್ಣಂದಾಜಿನಲ್ಲಿ ನೀರು ಸುರಿದರೆ ಈ ಲೆಕ್ಕ ಅಲ್ಲಿಗೇ ಮುಗಿಯಿತು. ನೀರು ಜಾಸ್ತಿಯಾದಷ್ಟು ಕಾಂಕ್ರೀಟಿನೊಳಗೆ ಸಣ್ಣ ತೂತು ಜಾಸ್ತಿ, ಉಪ್ಪು ಒಳಗೆ ಹೋಗಲು ದಾರಿ ಜಾಸ್ತಿ.

ಸರಳನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕಿನ ಬದಲು ಜಲ್ಲಿಚೂರು ಇಡಲೂ ಒಪ್ಪಬೇಡಿ. ಸೆಂಟ್ರಿಂಗ್ ಹಲಗೆಯ ಮೇಲೆ ಸರಳು ಕಟ್ಟಿ, ಅಡಿಗೆ ಕೈಗೆ ಸಿಕ್ಕಿದ ಕಲ್ಲುಚೂರು ತಳ್ಳುತ್ತಾರೆ. ಕಾಂಕ್ರೀಟು ಹಾಕುವಾಗ ಹತ್ತು ಜನ ಅದರ ಮೇಲೆ ನಡೆಯುತ್ತಾರೆ, ಚೂರು ಜಾರುತ್ತದೆ, ಸರಳು ಹಲಗೆಗೆ ತಾಗುತ್ತದೆ. ಸೆಂಟ್ರಿಂಗ್ ಬಿಚ್ಚಿದ ದಿನ ಅಡಿಯಲ್ಲಿ ಸರಳಿನ ಗೆರೆ ಕಾಣುತ್ತದೆ. ಆ ಗೆರೆಗೆ ಸಿಮೆಂಟು ಸವರಿ ಮುಚ್ಚಿದರೆ ಉಪ್ಪುಗಾಳಿ ನಿಲ್ಲುವುದಿಲ್ಲ. ಹಿಂದಿನ ದಿನವೇ ಕವರ್ ಬ್ಲಾಕ್ ಎಣಿಸಿ ಕೊಟ್ಟು, ಕಾಂಕ್ರೀಟು ಹಾಕುವ ಬೆಳಿಗ್ಗೆ ಟಾರ್ಚ್ ಹಿಡಿದು ಬಗ್ಗಿ ನೋಡಿ.

ಅಳಿವೆಯ ಮರಳಿನಲ್ಲಿ ಉಪ್ಪಿರುತ್ತದೆ, ಅದು ಕಬ್ಬಿಣದ ಕೆಲಸಕ್ಕೆ ಬೇಡವೇ ಬೇಡ. ತೊಳೆದ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಅದಕ್ಕಿಂತ ಒಳ್ಳೆಯದು. ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಡುವುದು, ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ನಾವೆಲ್ಲ ಹೆಚ್ಚಾಗಿ ಹಾಕುವ ಪಿಪಿಸಿ ಅನ್ನುವ ಬೆರಕೆ ಸಿಮೆಂಟಿಗೆ 10 ದಿನ. ಮಾರ್ಚ್-ಏಪ್ರಿಲ್‌ನ ಬಿಸಿಲಿನಲ್ಲಿ ಎರಡು ವಾರ ಇರಲಿ.

ಹಂಚು, ಟೆರೇಸ್, ಶೀಟು

1860ರ ದಶಕದಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನಮ್ಮ ಊರಿನ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿಗೆ ತಿರುಗಿದವು. ನಮ್ಮ ಮಳೆಗೆ ಹಂಚಿನ ಇಳಿಜಾರಿನಷ್ಟು ಹೊಂದುವ ಮಾಡು ಇನ್ನೊಂದಿಲ್ಲ ಅಂತ ಈಗಲೂ ನನ್ನ ಮತ. ನೀರು ನಿಲ್ಲುವುದೇ ಇಲ್ಲ, ಬಿಸಿ ಗಾಳಿ ಸಂದಿಯಿಂದ ಹೊರಗೆ ಹೋಗುತ್ತದೆ. ಆದರೆ ಪಕ್ಕಾಸು, ರೀಪಿಗೆ ಒಳ್ಳೆಯ ಮರ ದುಬಾರಿ. ಮಂಗ ಬರುವ ತೋಟದ ಮನೆಗಳಲ್ಲಿ ಹಂಚು ಉಳಿಯುವುದಿಲ್ಲ. ಕಡಲ ಬದಿಯಲ್ಲಿ ಕಬ್ಬಿಣದ ಪಕ್ಕಾಸು ತುಕ್ಕು ಹಿಡಿಯುತ್ತದೆ. ಮೇಲೆ ಇನ್ನೊಂದು ಅಂತಸ್ತು ಬರುವುದಿಲ್ಲ ಅಂತ ಖಚಿತ ಇರುವವರಿಗೆ, ವರ್ಷಕ್ಕೊಮ್ಮೆ ಮೇಲೆ ಹತ್ತಿ ನೋಡಿಕೊಳ್ಳುವವರಿಗೆ ಹಂಚು.

ಟೆರೇಸ್ ಮಾಡುವವರು ನೀರಿನ ಲೆಕ್ಕ ಹಾಕಿ. 1000 ಚದರ ಅಡಿಯ ಮೇಲೆ ವರ್ಷಕ್ಕೆ 3 ಲಕ್ಷ ಲೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಗಂಟೆಗೆ 100 ಮಿ.ಮೀ. ರಭಸದಲ್ಲಿ ಸುರಿದರೆ ಅಷ್ಟೇ ಜಾಗದಲ್ಲಿ ಗಂಟೆಗೆ 9000 ಲೀಟರ್ ದಾಟುತ್ತದೆ. ಎರಡು ಮೂಲೆಯಲ್ಲಿ ಎರಡು ಇಂಚಿನ ಪೈಪ್ ಇಟ್ಟರೆ ಅದು ಕೆರೆಯಾಗುತ್ತದೆ. ನಾಲ್ಕು ಇಂಚಿನದ್ದು ಕನಿಷ್ಠ ಮೂರು ಇರಲಿ, ನೂರು ಇಂಚಿಗೆ ಒಂದು ಇಂಚಾದರೂ ಇಳಿಜಾರು ಇರಲಿ. ಎಲೆ ಕಟ್ಟಿಕೊಂಡರೆ ನೀರು ಹೊರಗೆ ಹೋಗಲು ಪ್ಯಾರಪೆಟ್ಟಿನಲ್ಲಿ ಸ್ವಲ್ಪ ಮೇಲೆ ಒಂದೆರಡು ತೂತು ಬಿಡಿ.

ಫಿಲ್ಲರ್ ಸ್ಲ್ಯಾಬ್ ಬಗ್ಗೆ ಜನ ಕಮ್ಮಿ ಕೇಳುತ್ತಾರೆ, ಕೇಳಬೇಕಾದದ್ದು. ತಿರುವನಂತಪುರದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಇದನ್ನು ಬಳಕೆಗೆ ತಂದರು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಹೆಚ್ಚು ಕೆಲಸ ಮಾಡುವುದಿಲ್ಲ. ಆ ಜಾಗದಲ್ಲಿ ಸರಳುಗಳ ನಡುವೆ ಹಳೇ ಹಂಚು ಇಡುತ್ತಾರೆ. ಕಾಂಕ್ರೀಟು ಉಳಿಯುತ್ತದೆ, ಭಾರ ಇಳಿಯುತ್ತದೆ, ಬಿಸಿಯೂ ಸ್ವಲ್ಪ ಕಮ್ಮಿ. ಒಳನಾಡಿನಲ್ಲಿ, ಹಳೇ ಮನೆ ಕೆಡವಿದ ಹಂಚು ಅಂಗಳದಲ್ಲೇ ಇರುವವರಿಗೆ ತುಂಬ ಒಳ್ಳೆಯದು. ಮೊದಲು ಮಾಡಿ ಗೊತ್ತಿರುವ ಕೆಲಸದವರು ಸಿಕ್ಕಿದರೆ ಮಾತ್ರ.

ಈಗ ಎಲ್ಲರ ಮನೆಯಲ್ಲೂ ಕಾಣುವುದು ಟೆರೇಸ್ ಮೇಲೆ ಟ್ರಸ್ ಮತ್ತು ಶೀಟು. ಸೋರುವುದು ನಿಲ್ಲುತ್ತದೆ, ಸ್ಲ್ಯಾಬಿಗೆ ಬಿಸಿಲು ತಾಗುವುದಿಲ್ಲ, ಬಟ್ಟೆಗೂ ಅಡಿಕೆ ಮೂಟೆಗೂ ಜಾಗವಾಯಿತು. ನನಗೂ ಇಷ್ಟ. ಒಂದೇ ಭಯ, ಗಾಳಿ. ಸೆಕೆಂಡಿಗೆ 39 ಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 90 ಕೆ.ಜಿ. ಒತ್ತಡ ತರುತ್ತದೆ. ಶೀಟಿನ ತೂಕ ಚದರ ಮೀಟರಿಗೆ ಐದು ಕೆ.ಜಿ. ಆಸುಪಾಸು. ಅಂದರೆ ಶೀಟು ಕೆಳಗೆ ಬೀಳುತ್ತದೆ ಅನ್ನುವುದಕ್ಕಿಂತ ಮೇಲೆ ಹಾರುತ್ತದೆ ಅನ್ನುವ ಲೆಕ್ಕದಲ್ಲೇ ಟ್ರಸ್ ಕಟ್ಟಬೇಕು. ಕಂಬದ ಕಾಲನ್ನು ಪ್ಯಾರಪೆಟ್ ಗೋಡೆಯ ಮೇಲೆ ಸಿಮೆಂಟು ಮೆತ್ತಿ ನಿಲ್ಲಿಸಬೇಡಿ. ಕೆಳಗೆ ಬೀಮ್ ಅಥವಾ ಬೆಲ್ಟ್ ಇರುವ ಕಡೆ ಪ್ಲೇಟು ಕೂರಿಸಿ ಆಂಕರ್ ಬೋಲ್ಟಿನಿಂದ ಬಿಗಿಯಿರಿ. ಇಂಥ ಮಾಡಿಗೆ ಅನುಮತಿ ಬೇಕಾ ಅಂತ ಪಂಚಾಯತಿಯಲ್ಲಿ ಮೊದಲೇ ವಿಚಾರಿಸಿ, ಆಮೇಲೆ ತಕರಾರು ಬರುವುದು ಬೇಡ.

ಕರೆಂಟು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಎಂಸಿಬಿ ಇದೆ, ಇನ್ನು ಶಾಕ್ ಹೊಡೆಯುವುದಿಲ್ಲ ಅಂತ ನಂಬಿದವರು ಬಹಳ. ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದಾಗ ತಾನೇ ಬಿದ್ದು ಆಫ್ ಆಗುವ ಸ್ವಿಚ್ಚು, ಅದು ಕಾಯುವುದು ವಯರನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ, ಅಂದರೆ ಕರೆಂಟು ನೆಲಕ್ಕೆ ಸೋರಿದರೆ ಬೀಳುವ ಸ್ವಿಚ್ಚು.

ನಮ್ಮ ಮುರದ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತಿಂಗ್ ಸರಿಯಾಗಿ ಕೊಡುವುದಿಲ್ಲ. ಏಪ್ರಿಲ್‌ನಲ್ಲಿ ನಿಮ್ಮ ಅರ್ತ್ ಪೈಪಿನ ರೋಧ 50 ಓಮ್ ಇದೆ ಅಂತಿಟ್ಟುಕೊಳ್ಳಿ. ಫ್ರಿಜ್ಜಿನೊಳಗೆ ವಯರು ಕೆಟ್ಟು ಮೈಗೆ ತಾಗಿತು. 230 ವೋಲ್ಟನ್ನು 50ರಿಂದ ಭಾಗಿಸಿ, 4.6 ಆಂಪಿಯರ್ ನೆಲಕ್ಕೆ ಹರಿಯುತ್ತದೆ. 16 ಆಂಪಿಯರಿನ ಎಂಸಿಬಿ ಇದಕ್ಕೆ ಬೀಳುವುದೇ ಇಲ್ಲ. ಫ್ರಿಜ್ಜಿನ ಮೈಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಅದೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಅಂಗಡಿಯಲ್ಲಿ 100 ಮತ್ತು 300 ಮಿಲಿ ಆಂಪಿಯರಿನವೂ ಸಿಗುತ್ತವೆ. ಅವು ಮನುಷ್ಯರನ್ನು ಕಾಯಲು ಅಲ್ಲ.

ಒಂದು ದೊಡ್ಡದೋ, ಎರಡು ಮೂರು ಚಿಕ್ಕದೋ? ಎರಡು ಮೂರು. ಮಳೆಗಾಲದಲ್ಲಿ ಬಾವಿ ಪಂಪಿನ ತೇವಕ್ಕೆ ಇಡೀ ಮನೆಯ ಆರ್‌ಸಿಸಿಬಿ ಬೀಳುತ್ತದೆ, ಮನೆಯವರು ಬೇಸತ್ತು ಅದನ್ನು ಬೈಪಾಸ್ ಮಾಡಿಸುತ್ತಾರೆ. ಅಲ್ಲಿಗೆ ರಕ್ಷಣೆಯೇ ಹೋಯಿತು. ಪಂಪಿಗೆ, ಹೊರಗಿನ ದೀಪಗಳಿಗೆ ಬೇರೆ ಒಂದು, ಒಳಮನೆಗೆ ಬೇರೆ. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಆ ದಿನವೇ ಬದಲಿಸಿ. ಆ ಬಟನ್ ಅರ್ತಿಂಗನ್ನು ಪರೀಕ್ಷೆ ಮಾಡುವುದಿಲ್ಲ, ಅದನ್ನು ಮೀಟರ್ ಇಟ್ಟು ನೋಡಬೇಕು. ಮಳೆಗಾಲದಲ್ಲಿ ನೋಡಿ ಸಮಾಧಾನ ಪಡಬೇಡಿ, ಏಪ್ರಿಲ್‌ನಲ್ಲಿ ನೋಡಿ.

ಅರ್ತ್ ಗುಂಡಿಯನ್ನು ಗೋಡೆಯಿಂದ ಒಂದೂವರೆ ಮೀಟರಾದರೂ ದೂರ, ತೇವ ಉಳಿಯುವ ಕಡೆ ಮಾಡಿ. ತೆಂಗಿನ ಬುಡದ ಹತ್ತಿರ ಒಳ್ಳೆಯ ಜಾಗ. ಇದ್ದಿಲು-ಉಪ್ಪು ಹಾಕುವ ಹಳೇ ಕ್ರಮ ಅಗ್ಗ, ಆದರೆ ಉಪ್ಪು ಪೈಪನ್ನೇ ತಿನ್ನುತ್ತದೆ, ವರ್ಷ ವರ್ಷ ಮಳೆಗೆ ತೊಳೆದೂ ಹೋಗುತ್ತದೆ. ಬೆಂಟೋನೈಟ್ ಮಣ್ಣು ಹಾಕಿದ್ದು ತೇವವನ್ನು ಹಿಡಿದಿಡುತ್ತದೆ. ಮುರದಲ್ಲಿ ನಾನು ಅದನ್ನೇ ಹೇಳುತ್ತೇನೆ, ಒಂದು ಗುಂಡಿ ಸಾಲದಿದ್ದರೆ ದೂರದಲ್ಲಿ ಇನ್ನೊಂದು ಮಾಡಿ ಜೋಡಿಸಿ.

ಸಿಡಿಲಿಗೆ ಮೈನ್ ಬೋರ್ಡಿನಲ್ಲಿ ಎಸ್‌ಪಿಡಿ (ಸರ್ಜ್ ತಡೆಯುವ ಸಾಧನ) ಇರಲಿ. ಲೈನಿನಲ್ಲಿ ಬರುವ ಹೊಡೆತವನ್ನು ಅದು ನೆಲಕ್ಕೆ ಇಳಿಸುತ್ತದೆ, ಆದ್ದರಿಂದ ಅರ್ತಿಂಗ್ ಕೆಟ್ಟಿದ್ದರೆ ಅದರಿಂದ ಏನೂ ಪ್ರಯೋಜನ ಇಲ್ಲ. ಮನೆಗೇ ಬೀಳುವ ಸಿಡಿಲಿಗೆ ಮಿಂಚುಬಂಧಕ ಬೇರೆಯೇ ಬೇಕು, ಬೋಳುಗುಡ್ಡೆಯ ತುದಿಯ ಮನೆಯವರು ಅದನ್ನು ಬಿಡಬೇಡಿ. ವಯರು ದೀಪಗಳಿಗೆ 1.5 ಚದರ ಮಿ.ಮೀ., 16 ಆಂಪಿಯರ್ ಪ್ಲಗ್ಗಿಗೆ 2.5, ಎಸಿ ಮತ್ತು ಗೀಸರಿಗೆ 4.

ನೀರು

ಬಾವಿಯೋ ಬೋರೋ ಅಂದರೆ, ಬಾವಿಗೆ ಜಾಗ ಇದ್ದರೆ ಬಾವಿ. ಟೆರೇಸಿನ ನೀರನ್ನು ಜಲ್ಲಿ, ಇದ್ದಿಲು, ಮರಳಿನ ಸೋಸುತೊಟ್ಟಿಯಿಂದ ಬಾವಿಗೇ ಇಳಿಸಬಹುದು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಲು ಒಂದು ವಾಲ್ವ್ ಇಡಿ. ಕಡಲ ಬದಿಯಲ್ಲಿ ಬೋರ್ ಆಳಕ್ಕೆ ಹೋಗಿ ಜಾಸ್ತಿ ಎಳೆದರೆ ಉಪ್ಪುನೀರು ಬರುವ ಅಪಾಯ ಇದೆ.

ಬಾವಿಯ ಜಾಗ ಗುರುತಿಸುವ ದಿನವೇ ಕಕ್ಕಸಿನ ಇಂಗುಗುಂಡಿಯ ಜಾಗವನ್ನೂ ಗುರುತಿಸಿ. ಕೇರಳದ ಕಟ್ಟಡ ನಿಯಮ ಎರಡರ ನಡುವೆ ಕನಿಷ್ಠ 7.5 ಮೀಟರ್ ಕೇಳುತ್ತದೆ. ಮುರದಲ್ಲಿ ಸಣ್ಣ ಸಣ್ಣ ಕೊಳವೆಯಂಥ ತೂತುಗಳಿರುವುದರಿಂದ ನೀರು ಬೇಗ ಓಡುತ್ತದೆ. ಜಾಗ ಇದ್ದವರು ಇನ್ನೂ ದೂರ, ಇಳಿಜಾರಿನಲ್ಲಿ ಬಾವಿಗಿಂತ ಕೆಳಗಡೆ ಮಾಡಿ. ಐದಾರು ಸೆಂಟ್ಸಿನ ಜಾಗದಲ್ಲಿ ನಿಮ್ಮ ಬಾವಿಯಿಂದ ಅಳೆದರೆ ಸಾಲದು, ಬೇಲಿಯಾಚೆ ನೆರೆಮನೆಯ ಬಾವಿಯಿಂದಲೂ ಟೇಪು ಹಿಡಿಯಿರಿ.